ಸ್ವಯಂಸೇವಕರ ಹೆಗಲಿಗೆ ಕಂಪೆನಿಗಳ ನೊಗ

ಸಂಬಳವಿಲ್ಲದೆ, ಲಾಭದ ಆಸೆಯಿಲ್ಲದೆ, ಜನರಿಗೆ ಬೇಕಾದ ಕಂಪ್ಯೂಟರ್ ತಂತ್ರಾಂಶವನ್ನು ಮಾಡಿ ಹಂಚುವ ಮಂದಿ ನಮ್ಮ ನಡುವೆ ಇದ್ದಾರೆ. ಈ ಜಿಲ್ಲೆಗೆ ಇದು ಹೊಸ ಸಂಗತಿಯಲ್ಲ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡಕ್ಕೊಂದು ಕೀಲಿಮಣೆ ವಿನ್ಯಾಸ ರೂಪಿಸಿ, ‘ಸೇಡಿಯಾಪು’ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. 2016ರಲ್ಲಿ ತುಳು ವಿಕಿಪೀಡಿಯ ಹೊರಬಂದದ್ದೂ ಸ್ವಯಂಸೇವಕರ ದುಡಿಮೆಯಿಂದಲೇ.

ಇಂಥವರ ಬಳಗ ಒಂದೇ ಊರಿನಲ್ಲಿರುವುದಿಲ್ಲ. ಒಬ್ಬ ಗುಂಡ್ಯದಲ್ಲಿದ್ದರೆ ಇನ್ನೊಬ್ಬಳು ಪುತ್ತೂರಿನಲ್ಲಿ, ಮತ್ತೊಬ್ಬ ಬೆಂಗಳೂರಿನಲ್ಲಿ. ಕೂಡಿ ದುಡಿಯಲು ಅವರಿಗೆ ಈಮೇಲ್, ಸಭೆಗಳ ದಿನಚರಿ, ವಿಳಾಸಗಳ ಪಟ್ಟಿ, ಎಲ್ಲರೂ ತಿದ್ದಬಹುದಾದ ಕಡತಗಳು ಬೇಕು. ದೊಡ್ಡ ಕಂಪೆನಿಗಳು ಇವನ್ನು ಬಿಟ್ಟಿಯಾಗಿಯೇ ಕೊಡುತ್ತವೆ. ಆದರೆ ಅದು ಚಾಲಗೇಣಿಯ ಒಕ್ಕಲುತನ. ಧಣಿಯ ಮನಸ್ಸಿರುವಷ್ಟು ದಿನ ಮಾತ್ರ. 1974ರ ಭೂಸುಧಾರಣೆಗೆ ಮುಂಚಿನ ದಿನಗಳನ್ನು ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಸ್ವಂತ ಯಂತ್ರದಲ್ಲೇ ನಡೆಸಬಾರದೇಕೆ? 2016ರಲ್ಲಿ ಜರ್ಮನಿಯಲ್ಲಿ ಆರಂಭವಾದ ನೆಕ್ಸ್ಟ್‌ಕ್ಲೌಡ್‌ನಂಥ ಸ್ವತಂತ್ರ ತಂತ್ರಾಂಶವನ್ನು ಕಾಸು ಕೊಡದೆ ಪಡೆಯಬಹುದು, ತಿದ್ದಬಹುದು. ತೊಡಕಿರುವುದು ತಂತ್ರಾಂಶದಲ್ಲಲ್ಲ, ಅದನ್ನು ನೆಲೆಗೊಳಿಸುವುದರಲ್ಲಿ.

ಮೊದಲನೆಯದು ವ್ಯವಹಾರದ ತೊಡಕು. ಗುಂಡ್ಯ ಶಿರಾಡಿ ಘಾಟಿಯ ಬುಡ. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟೂ ಇಲ್ಲ, ತಂತಿಯೂ ಇಲ್ಲ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಜರಿದು ಹೆದ್ದಾರಿಯೇ ನಿಂತಿತ್ತು. ಕರೆಂಟು ಇದ್ದಾಗಲೂ ಮನೆಬಳಕೆಯ ಇಂಟರ್‌ನೆಟ್‌ನಲ್ಲಿ ಅನೇಕ ಮನೆಗಳಿಗೆ ಒಂದೇ ಹೊರವಿಳಾಸ ಹಂಚಿರುವುದುಂಟು. ಆಗ ಹೊರಗಿನವರು ಆ ಯಂತ್ರವನ್ನು ತಲಪುವುದು ಸುಲಭವಲ್ಲ. ಅಲ್ಲಿಂದ ಕಳಿಸಿದ ಈಮೇಲನ್ನು ದೊಡ್ಡ ಕಂಪೆನಿಗಳು ಅನುಮಾನದಿಂದ ಕಸದ ಬುಟ್ಟಿಗೆ ಹಾಕುತ್ತವೆ. ಕೊನೆಗೆ ಬೆಂಗಳೂರಿನಲ್ಲೋ ವಿದೇಶದಲ್ಲೋ ಬಾಡಿಗೆಗೆ ಯಂತ್ರ ಹಿಡಿಯಬೇಕು. ಬಾಡಿಗೆ ಯಾರ ಹೆಸರಿನಲ್ಲಿ? ಒಬ್ಬನ ಕಾರ್ಡಿನಲ್ಲಿ. ಅವನು ಹಾಸಿಗೆ ಹಿಡಿದರೆ ಎಲ್ಲರ ಕಡತಕ್ಕೂ ಬೀಗ. ಸಂಘವೆಂದು ನೋಂದಾಯಿಸಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ 7 ಮಂದಿ ಬೇಕು, ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕು.

ಎರಡನೆಯದು ಕಾನೂನಿನ ತೊಡಕು. ಪರರ ಬರಹವನ್ನು ತನ್ನ ಯಂತ್ರದಲ್ಲಿಟ್ಟುಕೊಂಡವನು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಕಣ್ಣಿಗೆ ‘ಮಧ್ಯವರ್ತಿ’. 2021ರ ನಿಯಮಗಳಂತೆ ಅವನು ದೂರು ಅಧಿಕಾರಿಯ ಹೆಸರು ವಿಳಾಸ ಪ್ರಕಟಿಸಬೇಕು. ದೂರು ಬಂದದ್ದನ್ನು 24 ಗಂಟೆಯೊಳಗೆ ಒಪ್ಪಿಕೊಳ್ಳಬೇಕು. ಬಿಟ್ಟುಹೋದ ಸದಸ್ಯನ ನೋಂದಣಿ ವಿವರವನ್ನು 180 ದಿನ ಕಾದಿಡಬೇಕು. 2022ರ ಏಪ್ರಿಲ್ 28ರ ಸರಕಾರಿ ನಿರ್ದೇಶನದಂತೆ, ಯಂತ್ರಕ್ಕೆ ಕಳ್ಳರು ನುಗ್ಗಿದರೆ 6 ಗಂಟೆಯೊಳಗೆ ವರದಿಯಾಗಬೇಕು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯ ದಂಡದ ಮಿತಿಯೋ 250 ಕೋಟಿ ರೂಪಾಯಿ! ಹಗಲೆಲ್ಲ ದುಡಿದು ರಾತ್ರಿ ಈ ಸೇವೆ ಮಾಡುವವನು ಆ 6 ಗಂಟೆಯಲ್ಲಿ ನಿದ್ದೆಯನ್ನಾದರೂ ಮಾಡಬೇಡವೆ?

50 ಲಕ್ಷ ಬಳಕೆದಾರರಿರುವ ಕಂಪೆನಿಗಳಿಗೆ ಹೆಚ್ಚಿನ ಹೊಣೆ ಇದೆ, ನಿಜ. ಆದರೆ ಮೂಲ ಹೊಣೆಗಳಿಗೆ ಕೆಳಮಿತಿಯೇ ಇಲ್ಲ. 2021ರಲ್ಲಿ ಸ್ವತಂತ್ರ ತಂತ್ರಾಂಶದ ಸ್ವಯಂಸೇವಕ ಪ್ರವೀಣ್ ಅರಿಂಬ್ರತೊಡಿಯಿಲ್ ಅವರು ಕೇರಳ ಹೈಕೋರ್ಟಿನ ಮೆಟ್ಟಿಲೇರಿದ್ದು ಈ ನಿಯಮಗಳ ವಿರುದ್ಧವೇ. ಲಾಭಕೋರ ಕಂಪೆನಿಗೂ ಸ್ವಯಂಸೇವಕ ಬಳಗಕ್ಕೂ ಒಂದೇ ಹೊರೆ ಹೊರಿಸಲಾಗಿದೆ ಎಂಬುದು ಅವರ ಆಕ್ಷೇಪ.

ಕಾನೂನೇ ಬೇಡವೆಂದು ನಾವು ಹೇಳುವುದಿಲ್ಲ. ಹೆಣ್ಣುಮಕ್ಕಳ ಚಿತ್ರ ಕದಿಯುವವನಿಗೆ, ಬಡವನ ವಿವರ ಮಾರುವವನಿಗೆ ಶಿಕ್ಷೆಯಾಗಲೇಬೇಕು. ಆದರೆ ಆನೆಗೆ ಹೂಡುವ ನೊಗವನ್ನು ಕರುವಿಗೆ ಹೂಡುವುದು ನ್ಯಾಯವೆ? ರಾಜ್ಯದೊಳಗೆ ಸರಕು ಮಾರುವ ವ್ಯಾಪಾರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಜಿ.ಎಸ್.ಟಿ. ನೋಂದಣಿಯ ಕಡ್ಡಾಯವಿಲ್ಲ. ಅಂಗಡಿಗೆ ಒಪ್ಪಿದ ತತ್ವ ಇಲ್ಲಿಗೇಕೆ ಒಪ್ಪದು? ವಕೀಲರ ಪಡೆಯನ್ನೇ ಸಾಕುವ ಕಂಪೆನಿಗೆ ಈ ಹೊರೆ ಹಗುರ. ಸಣ್ಣವರು ಹೆದರಿ ಹಿಂದೆಗೆದರೆ ಅದಕ್ಕೇ ಲಾಭ.

ಆದ್ದರಿಂದ ಆಗಬೇಕಾದದ್ದಿಷ್ಟು. ದತ್ತಾಂಶದ ಪ್ರಮಾಣ ನೋಡಿ ಕೆಲವು ವರ್ಗಗಳಿಗೆ ಕೆಲವು ಹೊಣೆಗಳಿಂದ ವಿನಾಯಿತಿ ಕೊಡುವ ಅಧಿಕಾರ 2023ರ ಕಾಯಿದೆಯ 17ನೆಯ ಕಲಮಿನಲ್ಲಿ ಸರಕಾರಕ್ಕಿದೆ. ಹೊಸ ಉದ್ಯಮಗಳ ಹೆಸರು ಅಲ್ಲಿದೆ. ಸ್ವಯಂಸೇವಕ ಬಳಗಗಳಿಗೂ ಆ ಬಾಗಿಲು ತೆರೆಯಲಿ. 2021ರ ನಿಯಮಗಳಿಗೂ 2022ರ ನಿರ್ದೇಶನಕ್ಕೂ ಕೆಳಮಿತಿ ಗೊತ್ತುಪಡಿಸಲಿ.

ಬಳಗಗಳೂ ಒಂಟಿಯಾಗಿ ಹೆಣಗುವುದನ್ನು ಬಿಡಬೇಕು. 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೊ ಕಟ್ಟಿಕೊಂಡದ್ದು ಒಬ್ಬೊಬ್ಬನೇ ಮಾರುಕಟ್ಟೆಗೆ ಎದುರು ನಿಲ್ಲಲಾರನೆಂದೇ. ಹಾಗೆಯೇ ನಾಲ್ಕಾರು ಬಳಗಗಳು ಕೂಡಿ ಒಂದು ಸಂಘ ಕಟ್ಟಲಿ. ಒಂದೇ ಯಂತ್ರ, ಒಬ್ಬ ವಕೀಲ ಸಾಕು. ಕೀಲಿ ಇಬ್ಬರ ಕೈಯಲ್ಲಿರಲಿ, ಕಡತದ ಪ್ರತಿ ಎರಡು ಊರುಗಳಲ್ಲಿರಲಿ. ಧಣಿಯ ಹಂಗು ತೊರೆದವರು ತಮ್ಮೊಳಗಿನ ಒಬ್ಬನನ್ನೇ ಹೊಸ ಧಣಿಯನ್ನಾಗಿ ಮಾಡಿಕೊಳ್ಳಬಾರದು.