ಫೋರ್ ವೀಲ್ ಬೇಕೋ, ಮೋರಿ ಬೇಕೋ?

ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಳೆ ಹಿಡಿಯಿತೆಂದರೆ ಎರಡು ಮಾತು ಶುರುವಾಗುತ್ತವೆ. ಒಂದು, ಚಾರ್ಮಾಡಿ ಘಾಟಿ ತೆರೆದಿದೆಯೋ ಬಂದಾಗಿದೆಯೋ? ಇನ್ನೊಂದು, ಯಾವ ಗಾಡಿ ತಗೊಂಡರೆ ಒಳ್ಳೇದು? ಮೊದಲನೆಯದಕ್ಕೆ ಉತ್ತರ ಹೇಳೋಕೆ ಜಿಲ್ಲಾಡಳಿತ ಇದೆ. ಎರಡನೆಯದಕ್ಕೆ ಟೀ ಅಂಗಡಿ ಬೆಂಚಿನ ಮೇಲೆ ಕೂತವರೆಲ್ಲ ಪಂಡಿತರೇ.

ಬಸ್ ಸ್ಟ್ಯಾಂಡ್ ಹಿಂದಿನ ದಿನಸಿ ಅಂಗಡಿ ಯಜಮಾನರು ಮೊನ್ನೆ ನನ್ನನ್ನು ಕೂಗಿ ಕರೆದರು. "ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ ಮಾರಾಯ, ನಂಗೂ ಒಂದಿಷ್ಟು ಹೇಳು" ಅಂದರು. ಅವರ ಓಮ್ನಿ ವ್ಯಾನು ಮುದಿಯಾಗಿದೆ. ಹೊಸ ಓಮ್ನಿ ಸಿಗೋದಿಲ್ಲ, 2019ರಲ್ಲೇ ಕಂಪನಿ ನಿಲ್ಲಿಸಿಬಿಟ್ಟಿತು. ಅವರ ಭಾವಮೈದನ ವಾದ ಒಂದೇ: "ತಗೊಂಡ್ರೆ ಫೋರ್ ವೀಲ್ ಜೀಪೇ ತಗೊಳ್ಳಿ ಭಾವ, ಗುಡ್ಡ ಬಂದ್ರೂ ಹತ್ತುತ್ತೆ." ಅದಕ್ಕೆ ಸಾಲ ಬೇಕು, ಸಾಲಕ್ಕೆ ಮನೆ ಪತ್ರ ಅಡ ಇಡಬೇಕು. ಒಳಗೆ ಅಕ್ಕಿ ಕೇರುತ್ತಿದ್ದ ಅಮ್ಮನವರು ತಲೆ ಎತ್ತಲಿಲ್ಲ, ಆದರೆ ಮೊರದ ಸದ್ದು ನಿಂತಿತು.

ಪಿಯುಸಿ ಅರ್ಧಕ್ಕೆ ಬಿಟ್ಟ ವರ್ಷ ಒಂದು ಓಮ್ನಿಯಲ್ಲಿ ತರಕಾರಿ ಮೂಟೆ ಹೊತ್ತವನು ನಾನು. ಕಾಲೇಜಿನಲ್ಲಿ ಹತ್ತದ ವಿದ್ಯೆ ಅಲ್ಲಿ ಒಂದಿಷ್ಟು ಹತ್ತಿತು. ಆ ಧೈರ್ಯದ ಮೇಲೆ ಕೇಳಿದೆ: "ಯಜಮಾನ್ರೇ, ನಿಮ್ಮ ಗಾಡಿ ದಿನಾ ಎಲ್ಲೆಲ್ಲಿಗೆ ಹೋಗುತ್ತೆ?"

ಎಪಿಎಂಸಿ ಯಾರ್ಡು, ಮೂಡಿಗೆರೆ ರಸ್ತೆಯ ಅಂಗಡಿಗಳು, ರೈಲ್ವೆ ಸ್ಟೇಷನ್ನು. ಎಲ್ಲ ಟಾರೇ. ವಾರಕ್ಕೊಂದು ದಿನ ಮಾತ್ರ ಒಂದು ಎಸ್ಟೇಟ್ ಲೈನಿಗೆ ರೇಷನ್ ಮೂಟೆ. ಅಲ್ಲಿ ಹಳ್ಳದ ಹತ್ತಿರ ನೂರು ಮಾರು ಕೆಸರು. ಅಂದರೆ ನೂರು ಮಾರು ಕೆಸರಿಗಾಗಿ ಮನೆ ಪತ್ರ!

ಫೋರ್ ವೀಲ್ ಬೇಡವೇ ಬೇಡ ಅನ್ನುವ ಮಾತಲ್ಲ ಇದು. ಹೆಬ್ಬೆ ಜಲಪಾತದ ದಾರಿ, ಝರಿ ಫಾಲ್ಸ್ ದಾರಿ ನೋಡಿದವರಿಗೆ ಗೊತ್ತು. ಅಲ್ಲಿ ಜೀಪಿನವರ ಅನ್ನವೇ ಆ ಸಣ್ಣ ಲಿವರಿನಲ್ಲಿದೆ. ದಿನಾ ತೋಟದೊಳಗೆ ಗೊಬ್ಬರ, ಕಾಫಿ ಮೂಟೆ ಎಳೆಯುವವರಿಗೂ ಅದು ಬೇಕು. ಆದರೆ ಆ ಲಿವರು ಏನು ಮಾಡುತ್ತೆ, ಏನು ಮಾಡೋದಿಲ್ಲ ಅಂತ ತಿಳಿದು ದುಡ್ಡು ಕೊಡಬೇಕು. ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುತ್ತೆ, ಕೆಸರಿನಿಂದ ಮೇಲೆಳೆಯುತ್ತೆ. ನಿಲ್ಲಿಸುವ ಕೆಲಸಕ್ಕೆ ಅದು ಬರೋದಿಲ್ಲ. ಬ್ರೇಕು ಎಲ್ಲ ಗಾಡಿಗೂ ನಾಲ್ಕೂ ಚಕ್ರಕ್ಕೇ ಇರುತ್ತೆ. ಸವೆದ ಟೈರಿನ ಫೋರ್ ವೀಲು ಘಾಟಿ ತಿರುವಿನಲ್ಲಿ ಜಾರಿದರೆ ಲಿವರು ಕೈಹಿಡಿಯೋದಿಲ್ಲ. ಒಣ ಟಾರಿನ ಮೇಲೆ ಲಿವರ್ ಹಾಕಿಕೊಂಡು ತಿರುವು ತೆಗೆದರೆ ಇಂಥ ಜೀಪುಗಳ ಗೇರಿನ ಹಲ್ಲಿಗೇ ಪೆಟ್ಟು.

ಹಾಗಾದರೆ ದಿನಸಿಯವರಿಗೆ ಯಾವುದು? ಹಿಂದಿನ ಚಕ್ರ ಎಳೆಯುವ, ಕೈಯಲ್ಲಿ ಗೇರ್ ಹಾಕುವ ವ್ಯಾನೇ ಸಾಕು. ಈಗಿನ ಈಕೋ ಕೂಡ ಅದೇ ಜಾತಿ, ಐದು ಗೇರು. ಖಾಲಿ ವ್ಯಾನು ಕೆಸರಿನಲ್ಲಿ ಹಿಂದಿನ ಚಕ್ರ ಸುಮ್ಮನೆ ಸುತ್ತಿಸುತ್ತೆ, ಯಾಕೆಂದರೆ ಇಂಜಿನ್ ಭಾರವೆಲ್ಲ ಮುಂದೆ. ಹಿಂದಿನ ಆಕ್ಸಲ್ ಮೇಲೆ ಎರಡು ಮೂಟೆ ಬಿತ್ತೋ, ಚಕ್ರ ನೆಲ ಕಚ್ಚುತ್ತೆ. ನಮ್ಮ ಹಳೇ ಡ್ರೈವರು ಮಳೆಗಾಲದಲ್ಲಿ ಖಾಲಿ ಬರುವಾಗಲೂ ಮರಳು ಚೀಲ ಇಳಿಸುತ್ತಿರಲಿಲ್ಲ.

ಆಟೋಮ್ಯಾಟಿಕ್ಕು ಪೇಟೆಯ ಜನಸಂದಣಿಗೆ ಸುಖ, ಒಪ್ಪಿದೆ. ಆದರೆ ಬ್ಯಾಟರಿ ಇಳಿದ ದಿನ ಕೈಗೇರಿನ ಗಾಡಿಯನ್ನು ನಾಲ್ಕು ಜನ ತಳ್ಳಿದರೆ ಸ್ಟಾರ್ಟ್ ಆಗುತ್ತೆ. ಘಾಟಿಯಲ್ಲಿ ಹತ್ತಿದ ಗೇರಿನಲ್ಲೇ ಇಳಿದರೆ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತೆ. ಎಣ್ಣೆ ಉಳಿಸ್ತೀನಿ ಅಂತ ನ್ಯೂಟ್ರಲ್‌ಗೆ ಹಾಕಿ ಇಳಿಯುವ ಜಾಣರು ಬ್ರೇಕು ಕಾದು ಹಿಡಿಯದೇ ಹೋದಾಗ ದೇವರ ಹೆಸರು ಹೇಳಬೇಕಾಗುತ್ತೆ.

ಇನ್ನೊಂದು ವಿಷಯ, ಬಸ್ಸಿಗೆ ಕಾಯುವ ಬಂಧುಗಳೇ, ಇದು ನಿಮಗೂ ಸೇರಿದ್ದು. ಸಂಜೆ ಕಡೇ ಬಸ್ಸು ತಪ್ಪಿದರೆ ನಾವೆಲ್ಲ ಯಾವುದೋ ವ್ಯಾನಿಗೆ ಕೈ ಅಡ್ಡ ಹಿಡಿಯುತ್ತೇವೆ. ಐದು ಜನರ ಸೀಟಿಗೆ ಹನ್ನೆರಡು ಜನ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆಗೆ ಜನ ಹತ್ತಿಸಿ ಅಪಘಾತವಾದರೆ ಇನ್ಶೂರೆನ್ಸಿನವರು ಕೈ ಎತ್ತಬಹುದು. ಆಗ ಸತ್ತವರ ಮನೆಯೂ ಹಾಳು, ಗಾಡಿಯವನ ಮನೆಯೂ ಹಾಳು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಅಂತ ಹೇಳಿತು. ಲೈಸೆನ್ಸಿನ ತಲೆನೋವು ತಪ್ಪಿತು. ಬೋರ್ಡಿನದು ತಪ್ಪಿಲ್ಲ. ಬಾಡಿಗೆ ಹೊಡೆಯುವುದಾದರೆ ಹಳದಿ ಬೋರ್ಡು, ಪರ್ಮಿಟ್ಟು, ಅದಕ್ಕೆ ತಕ್ಕ ಇನ್ಶೂರೆನ್ಸು. ಗಾಡಿ ಆರಿಸುವ ಮೊದಲೇ ಈ ಲೆಕ್ಕ ಹಾಕಿ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಯಜಮಾನರು ಕೇಳಿದರು, "ಎಲ್ಲಾ ಸರಿ ಮಾರಾಯ, ಆ ಹಳ್ಳದ ಕೆಸರಿಗೆ ಏನು ಮಾಡಲಿ?"

ಕೇಳಬೇಕಾದ ಪ್ರಶ್ನೆ ಅದೇ. ಅಲ್ಲಿ ಬೇಕಾದ್ದು ಒಂದು ಮೋರಿ, ನಾಲ್ಕು ಲೋಡು ಜಲ್ಲಿ. ಅದು ಇಲ್ಲದ್ದಕ್ಕೆ ಒಬ್ಬೊಬ್ಬರೂ ಸಾಲ ಮಾಡಿ ಫೋರ್ ವೀಲ್ ತಗೊಳ್ಳಬೇಕೇ? ಜೀಪು ಬಂದರೆ ಒಬ್ಬರ ಅಕ್ಕಿ ಮೂಟೆ ದಾಟುತ್ತೆ. ಮೋರಿ ಬಂದರೆ ಶಾಲೆ ಮಕ್ಕಳು, ಬಾಣಂತಿಯರು, ಆಟೋ, ಎಲ್ಲ ದಾಟುತ್ತವೆ. ರಸ್ತೆ ಮಾಡಬೇಕಾದವರ ಖರ್ಚನ್ನು ನಾವು ಕಂತು ಕಂತಾಗಿ ಬ್ಯಾಂಕಿಗೆ ಕಟ್ಟುತ್ತಿದ್ದೇವೆ, ಸ್ವಾಮಿ!

ಒಳಗೆ ಮೊರದ ಸದ್ದು ಮತ್ತೆ ಶುರುವಾಯಿತು. ಯಜಮಾನರು ಮನೆ ಪತ್ರವನ್ನು ಪೆಟ್ಟಿಗೆಗೆ ವಾಪಸ್ ಹಾಕಿ, ಬಿಳಿ ಹಾಳೆ ಕೊಟ್ಟು, "ಪಂಚಾಯ್ತಿಗೆ ಒಂದು ಅರ್ಜಿ ಬರಿ" ಅಂದರು. ಬರೆದಿದ್ದೇನೆ. ಅರ್ಜಿ ಅವರ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇದೆ. ಸಹಿಗೆ ಬೇಕಾದಷ್ಟು ಜಾಗ ಬಿಟ್ಟಿದ್ದೇನೆ. ಬಸ್ಸು ಬರೋದು ಹೇಗೂ ತಡ, ಬಂದು ಹಾಕಿ ಹೋಗಿ.