ಒಂದು ಕಣ್ಣಿಗೆ ಎಷ್ಟು?

ನನ್ನ ತಾಯಿಯ ಎಡಗಣ್ಣಿನ ಪೊರೆ ತೆಗೆಸಿದ್ದು ನಮ್ಮ ಜಿಲ್ಲಾ ಕೇಂದ್ರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಖರ್ಚಾದದ್ದು 16 ಸಾವಿರ. ಒಂದೂವರೆ ವರ್ಷ ಕಳೆದು ಬಲಗಣ್ಣಿನ ಸರದಿ ಬಂದಾಗ ಅವರು ಬೆಂಗಳೂರಿನಲ್ಲಿ ತಮ್ಮನ ಮನೆಯಲ್ಲಿದ್ದರು. ಅಲ್ಲಿನ ಆಸ್ಪತ್ರೆ 54 ಸಾವಿರದ ಬಿಲ್ಲು ಕೊಟ್ಟಿತು. ಎರಡೂ ಕಡೆ ಹಾಕಿದ್ದು ದೂರದ ನೋಟಕ್ಕೆ ಹೊಂದುವ, ಮಡಚಿ ಒಳಗೆ ಸೇರಿಸುವ ಸಾಮಾನ್ಯ ಲೆನ್ಸು. ಎರಡೂ ಸಲ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮನೆಗೆ ಬಂದದ್ದು. ಅಮ್ಮನಿಗೆ ಈಗ ಎರಡೂ ಕಣ್ಣು ಒಂದೇ ಸಮ ಕಾಣುತ್ತದೆ, ಪೇಪರ್ ಓದಲು ಮಾತ್ರ ಕನ್ನಡಕ ಬೇಕು. ಬೆಂಗಳೂರಿನ ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ ಮೊದಲು ಕೇಳಿದ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ. ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ ಎಂಬುದೆಲ್ಲ ಆಮೇಲೆ. ಮೊದಲು ಕೇಳಿದ್ದು, "ಆಂಟಿ, ಇನ್ಶೂರೆನ್ಸ್ ಇದೆಯಾ?"

ಆ ಪ್ರಶ್ನೆ ಮೊದಲಿಗೆ ಯಾಕೆ ಬಂತು ಎಂಬುದು ಅರ್ಥವಾಗಬೇಕಾದರೆ ಅರ್ಧ ಶತಮಾನ ಹಿಂದೆ ಹೋಗಬೇಕು. ಆಗ ಈ ಶಸ್ತ್ರಚಿಕಿತ್ಸೆಗೆ ಹೆಚ್ಚುಕಡಿಮೆ ದರವೇ ಇರಲಿಲ್ಲ.

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಶಾಲೆಯ ಕೊಠಡಿ, ಮಠದ ಜಗಲಿ, ಛತ್ರ, ಎಲ್ಲಿ ಜಾಗ ಸಿಕ್ಕಿತೋ ಅಲ್ಲೇ ಆಪರೇಷನ್. ಚಾಪೆಗಳ ಮೇಲೆ ಸಾಲಾಗಿ ಮಲಗಿದ ಮುದುಕ ಮುದುಕಿಯರು, ಕಣ್ಣಿಗೆ ಪಟ್ಟಿ, ಊರಿನವರದೇ ಅನ್ನ ಸಾರು. ತಿರುಪತಿಯಲ್ಲಿ ಒಂದೇ ದಿನ 833 ಪೊರೆ ತೆಗೆದ ದಾಖಲೆ ಅವರ ಹೆಸರಿನಲ್ಲಿದೆ. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದ್ದು 1976ರಲ್ಲಿ. ಅದಕ್ಕೂ ಮೊದಲೇ ನಮ್ಮ ಹಳ್ಳಿಗಳಿಗೆ ದೃಷ್ಟಿ ಮರಳಿಸುವ ಕೆಲಸವನ್ನು ಇಂಥ ಶಿಬಿರಗಳು ಹೆಗಲಿಗೆ ಹೊತ್ತಿದ್ದವು.

ಆ ಕಾಲದ ವಿಧಾನ ಬೇರೆ. ಮಬ್ಬಾದ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು. ಅದರ ಜಾಗಕ್ಕೆ ಏನನ್ನೂ ಹಾಕುತ್ತಿರಲಿಲ್ಲ. ಆಮೇಲೆ ಜೀವನಪರ್ಯಂತ ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನ ಕನ್ನಡಕ. "ಪೊರೆ ಬಲಿಯಲಿ, ಆಮೇಲೆ ತೆಗೆಸೋಣ" ಎಂಬ ಮಾತು ಹುಟ್ಟಿದ್ದೂ ಆಗಲೇ. ಕತ್ತಿ, ಸೂಜಿ, ದಾರ, ಪಟ್ಟಿ, ನುರಿತ ಕೈ ಇದ್ದರೆ ಸಾಕಿತ್ತು. ರೋಗಿಗೆ ಆಯ್ಕೆ ಮಾಡಿಕೊಳ್ಳಲು ಏನೂ ಇರಲಿಲ್ಲ, ಹಾಗಾಗಿ ಒಬ್ಬರಿಗೆ ಒಂದು ದರ, ಇನ್ನೊಬ್ಬರಿಗೆ ಇನ್ನೊಂದು ದರ ಹೇಳಲು ದಾರಿಯೂ ಇರಲಿಲ್ಲ.

ದರಪಟ್ಟಿ ಹುಟ್ಟಿದ್ದು ಲೆನ್ಸಿನೊಂದಿಗೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನ ಚಾಲಕರ ಕಣ್ಣಿಗೆ ಹೊಕ್ಕ ಪರ್ಸ್‌ಪೆಕ್ಸ್ ಪ್ಲಾಸ್ಟಿಕ್ ಚೂರುಗಳನ್ನು ಕಣ್ಣು ತಿರಸ್ಕರಿಸದೆ ಸಹಿಸಿಕೊಂಡಿದ್ದನ್ನು ಹೆರಾಲ್ಡ್ ರಿಡ್ಲೆ ಎಂಬ ವೈದ್ಯರು ಗಮನಿಸಿದ್ದರು. 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರು ಅದೇ ವಸ್ತುವಿನ ಲೆನ್ಸನ್ನು ಮೊದಲ ಬಾರಿ ಕಣ್ಣೊಳಗೆ ಕೂರಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನ ತಂದರು. ಈ ಎರಡೂ ನಮ್ಮ ದೇಶದ ಸಾಮಾನ್ಯ ರೋಗಿಗೆ ತಲುಪಲು ಹಲವು ದಶಕ ಬೇಕಾದವು. ತಡೆದದ್ದು ಮುಖ್ಯವಾಗಿ ಬೆಲೆ. ಆಮದು ಲೆನ್ಸಿಗೆ ನೂರು ಡಾಲರಿನಷ್ಟು ಕೊಡಬೇಕಿದ್ದ ಕಾಲ ಅದು.

ಆ ಬೆಲೆಯನ್ನು ಮುರಿದದ್ದು ಮದುರೈ. ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಯ ಅರವಿಂದ ಕಣ್ಣಾಸ್ಪತ್ರೆ ತೆರೆದರು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ವೈದ್ಯರು ಅವರು. 1992ರಲ್ಲಿ ಆ ಸಂಸ್ಥೆಯೇ ಆರೋಲ್ಯಾಬ್ ಎಂಬ ಕಾರ್ಖಾನೆ ತೆರೆದು ಲೆನ್ಸ್ ತಯಾರಿಸಲು ಶುರುಮಾಡಿತು. ಬೆಲೆ ಹತ್ತರಲ್ಲೊಂದು ಪಾಲಿಗೆ, ಆಮೇಲೆ ಅದಕ್ಕೂ ಕೆಳಕ್ಕೆ ಇಳಿಯಿತು. ಈ ದೇಶದ ಬಡವರ ಕಣ್ಣೊಳಗೆ ಲೆನ್ಸ್ ಸೇರಿದ್ದರಲ್ಲಿ ಆ ಕಾರ್ಖಾನೆಯ ಪಾಲು ದೊಡ್ಡದು.

ಲೆನ್ಸ್ ಅಗ್ಗವಾಯಿತು, ಆಪರೇಷನ್ ಮಾತ್ರ ಎಲ್ಲ ಕಡೆ ಅಗ್ಗವಾಗಲಿಲ್ಲ. ಇದರಲ್ಲಿ ನ್ಯಾಯವಾದ ಕಾರಣಗಳೂ ಇವೆ, ಅವನ್ನು ಮೊದಲು ಹೇಳಬೇಕು.

ಫೇಕೋ ಯಂತ್ರದ ಬೆಲೆ ಲಕ್ಷಗಳಲ್ಲಿದೆ. ದಿನಕ್ಕೆ ಐವತ್ತು ಆಪರೇಷನ್ ಮಾಡುವಲ್ಲಿ ಅದರ ಖರ್ಚು ಐವತ್ತು ಬಿಲ್ಲಿಗೆ ಹಂಚಿಹೋಗುತ್ತದೆ, ವಾರಕ್ಕೆ ನಾಲ್ಕು ಮಾಡುವ ನರ್ಸಿಂಗ್ ಹೋಮಿನಲ್ಲಿ ನಾಲ್ವರ ಮೇಲೆ ಬೀಳುತ್ತದೆ. ಅರವಿಂದದಲ್ಲಿ ಒಬ್ಬ ವೈದ್ಯರಿಗೆ ಎರಡು ಮೇಜು. ಒಂದರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿಯನ್ನು ದಾದಿಯರು ಸಿದ್ಧಮಾಡಿರುತ್ತಾರೆ, ವೈದ್ಯರು ಕುರ್ಚಿ ತಿರುಗಿಸಿ ಕೂತರೆ ಸಾಕು. ಅಲ್ಲಿ ಹಣ ಕೊಡುವವರ ಶುಲ್ಕದಿಂದಲೇ ಕೊಡಲಾಗದವರ ಚಿಕಿತ್ಸೆಯೂ ನಡೆಯುತ್ತದೆ. ಬೆಂಗಳೂರಿನ ಬಾಡಿಗೆ ಬಾಗಲಕೋಟೆಯ ಬಾಡಿಗೆಯಲ್ಲ. ಶುಚಿತ್ವಕ್ಕೂ ಖರ್ಚಿದೆ. 2019ರಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರು ಆ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಆಗ ಸಂಶಯ ಹೊರಳಿದ್ದು ಆಪರೇಷನ್ನಿನಲ್ಲಿ ಬಳಸಿದ ಒಂದು ದ್ರವದ ಮೇಲೆ. ಆ ಕುಟುಂಬಗಳ ಮುಂದೆ ನಿಂತು, ಎಲ್ಲಿ ಅಗ್ಗವೋ ಅಲ್ಲಿಗೇ ಹೋಗಿ ಎಂದು ಹೇಳುವ ಧೈರ್ಯ ಯಾರಿಗೂ ಬರಲಾರದು.

ಲೆನ್ಸಿನಲ್ಲೂ ನಿಜವಾದ ವ್ಯತ್ಯಾಸಗಳಿವೆ. ಮಡಚಲಾಗದ ಲೆನ್ಸು, ಮಡಚುವ ಲೆನ್ಸು, ದೂರ ಹತ್ತಿರ ಎರಡನ್ನೂ ಕಾಣಿಸುವ ಮಲ್ಟಿಫೋಕಲ್, ಕಣ್ಣಿನ ವಕ್ರತೆ ಸರಿಪಡಿಸುವ ಟೋರಿಕ್. ಕೊನೆಯ ಎರಡು ಬೇಕಾದವರಿಗೆ ಬೇಕೇ ಬೇಕು, ಅವಕ್ಕೆ ಹೆಚ್ಚು ಹಣ ಕೇಳುವುದು ತಪ್ಪಲ್ಲ.

ಆದರೆ ರೋಗಿಯ ಮುಂದೆ ಇಡುವ ನಾಲ್ಕೈದು ಕಾಲಮಿನ ಹಾಳೆಯಲ್ಲಿ ದುಬಾರಿಯಾದದ್ದೆಲ್ಲ ಉತ್ತಮ ಎಂಬಂತೆ ಬರೆದಿರುತ್ತದೆ. ಪುರಾವೆಗಳು ಅಷ್ಟು ನೇರವಾಗಿಲ್ಲ. ನೇಪಾಳದಲ್ಲಿ ಡಾ. ಸಂದುಕ್ ರುಯಿತ್ ಮತ್ತು ಸಂಗಡಿಗರು ಯಂತ್ರದ ಫೇಕೋವನ್ನೂ, ಕೈಯಿಂದಲೇ ಸಣ್ಣ ಸೀಳಿನಲ್ಲಿ ಹೊಲಿಗೆಯಿಲ್ಲದೆ ಮಾಡುವ ವಿಧಾನವನ್ನೂ 108 ರೋಗಿಗಳಲ್ಲಿ ಹೋಲಿಸಿ ನೋಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ನಂತರ ಕನ್ನಡಕ ಹಾಕಿ ನೋಡಿದರೆ ಎರಡೂ ಗುಂಪಿನಲ್ಲಿ ಶೇ 98 ಮಂದಿಗೆ ಒಳ್ಳೆಯ ದೃಷ್ಟಿ ಬಂದಿತ್ತು. ಕೈ ವಿಧಾನ ಬೇಗ ಮುಗಿಯುತ್ತಿತ್ತು, ಅಗ್ಗವೂ ಆಗಿತ್ತು. ಕತ್ತಿಯಿಲ್ಲದ, ರೋಬೋಟಿಕ್ ಎಂದೆಲ್ಲ ಜಾಹೀರಾತು ಬರುವ ಫೆಮ್ಟೋ ಲೇಸರ್ ಬಗ್ಗೆ ಫ್ರಾನ್ಸಿನ ಐದು ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2020ರಲ್ಲಿ ಹೊರಬಂತು. ಸಾಮಾನ್ಯ ಫೇಕೋಗಿಂತ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ, ಖರ್ಚು ಮಾತ್ರ ಹೆಚ್ಚಾಗಿತ್ತು. ಕೌಂಟರಿನಲ್ಲಿ ಕೊಡುವ ಹಾಳೆಯಲ್ಲಿ ಇದನ್ನು ಬರೆದ ಆಸ್ಪತ್ರೆಯನ್ನು ನಾನು ಇನ್ನೂ ಕಂಡಿಲ್ಲ.

ಇಲ್ಲಿಂದ ಮುಂದಿನ ಕಾರಣಗಳಿಗೂ ಕಣ್ಣಿಗೂ ಸಂಬಂಧವಿಲ್ಲ.

2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಹೃದಯದ ಸ್ಟೆಂಟಿಗೆ ಮಿತಿ ಹಾಕಿತು. ಲಕ್ಷ ದಾಟಿದ್ದ ಔಷಧ ಲೇಪಿತ ಸ್ಟೆಂಟ್ 29,600 ರೂಪಾಯಿಗೆ ಇಳಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಮೊಣಕಾಲಿನ ಕೃತಕ ಕೀಲಿಗೂ ಮಿತಿ ಬಂತು. ಕಣ್ಣಿನ ಲೆನ್ಸಿಗೆ ಬರಲಿಲ್ಲ. ಅದಕ್ಕಿರುವ ಕಡಿವಾಣ ಒಂದೇ: ಪೆಟ್ಟಿಗೆಯ ಮೇಲಿನ ಗರಿಷ್ಠ ಬೆಲೆಯನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಮೊದಲ ಬೆಲೆ ಎಷ್ಟಿರಬೇಕು ಎಂಬುದು ಕಂಪನಿಗೆ ಬಿಟ್ಟದ್ದು. ಮುದ್ರಿತ ಬೆಲೆಗೂ ಆಸ್ಪತ್ರೆ ಕೊಂಡ ಬೆಲೆಗೂ ನಡುವೆ ಎಷ್ಟು ದೊಡ್ಡ ಅಂತರ ಇರಬಲ್ಲದು ಎಂಬುದನ್ನು ಅದೇ ಪ್ರಾಧಿಕಾರ 2018ರಲ್ಲಿ ದೆಹಲಿ ಸುತ್ತಲಿನ ದೊಡ್ಡ ಆಸ್ಪತ್ರೆಗಳ ಸಿರಿಂಜು, ಔಷಧಿಗಳ ಲೆಕ್ಕ ತೆಗೆದು ದೇಶಕ್ಕೆ ತೋರಿಸಿತ್ತು. ಆಸ್ಪತ್ರೆಯ ಒಳಗೇ ಕೊಳ್ಳಬೇಕಾದ ರೋಗಿಗೆ ಚೌಕಾಸಿ ಮಾಡುವ ಅವಕಾಶವಿಲ್ಲ. ಲೆನ್ಸನ್ನಂತೂ ಹೊರಗಿನ ಅಂಗಡಿಯಿಂದ ತಂದುಕೊಡಲು ಆಗುವುದೇ ಇಲ್ಲ.

ಇನ್ನು ಇನ್ಶೂರೆನ್ಸ್. 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಎಂಬ ಏಕರೂಪದ ಪಾಲಿಸಿಯಲ್ಲಿ ಪೊರೆಗೆ ಒಂದು ಕಣ್ಣಿಗೆ ಹೆಚ್ಚೆಂದರೆ 40 ಸಾವಿರ, ಇಲ್ಲವೇ ವಿಮಾ ಮೊತ್ತದ ಶೇ 25, ಯಾವುದು ಕಡಿಮೆಯೋ ಅದು. ಬೇರೆ ಪಾಲಿಸಿಗಳಲ್ಲೂ ಇಂಥ ಒಳಮಿತಿಗಳಿವೆ. ಮಿತಿ ಎಷ್ಟೆಂದು ಕೌಂಟರಿಗೆ ಗೊತ್ತಾದ ಮೇಲೆ ಬಿಲ್ಲು ಅದರ ಕೆಳಗೆ ನಿಲ್ಲುವುದು ಅಪರೂಪ. ಅಮ್ಮನಿಗೆ ಕೇಳಿದ ಮೊದಲ ಪ್ರಶ್ನೆಯ ಮರ್ಮ ಇದು. ಆಕೆಯ ಪಾಲಿಸಿ ಕೊಟ್ಟದ್ದು 40 ಸಾವಿರ, ಉಳಿದ 14 ಸಾವಿರ ನಾವು ಕಟ್ಟಿದೆವು. ಆ 14 ಸಾವಿರ ಯಾವುದಕ್ಕೆ ಎಂದು ಕೇಳಿದಾಗ "ಪ್ಯಾಕೇಜ್ ಸರ್" ಎಂಬ ಉತ್ತರ ಬಂತು. ಪ್ಯಾಕೇಜಿನೊಳಗೆ ಏನೇನಿದೆ ಎಂದು ಬಿಡಿಸಿ ಬರೆದುಕೊಡಲು ಅವರು ಒಪ್ಪಲಿಲ್ಲ.

ಇದನ್ನು ಸರಿಪಡಿಸಲು ಕರ್ನಾಟಕಕ್ಕೆ ಒಂದು ಒಳ್ಳೆಯ ಅವಕಾಶ ಬಂದಿತ್ತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನಮ್ಮಲ್ಲಿ 2007ರಿಂದಲೇ ಇದೆ. ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದ 2017ರಲ್ಲಿ ಅದಕ್ಕೆ ತಂದ ತಿದ್ದುಪಡಿ ಮಸೂದೆಯಲ್ಲಿ ಚಿಕಿತ್ಸೆಗಳಿಗೆ ಸರ್ಕಾರವೇ ದರ ನಿಗದಿ ಮಾಡುವ ಅಂಶವಿತ್ತು. ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಹೊರರೋಗಿ ವಿಭಾಗಗಳು ಮುಚ್ಚಿದವು, ರೋಗಿಗಳು ಪರದಾಡಿದರು. ಕೊನೆಗೆ ಒಪ್ಪಿಗೆ ಪಡೆದ ಕಾಯ್ದೆಯಲ್ಲಿ ದರ ನಿಗದಿ ಸರ್ಕಾರಿ ಯೋಜನೆಗಳ ಅಡಿಯ ಚಿಕಿತ್ಸೆಗಷ್ಟೇ ಸೀಮಿತವಾಯಿತು.

ವೈದ್ಯರ ಆತಂಕವನ್ನು ನಾನು ಸಂಪೂರ್ಣ ತಳ್ಳಿಹಾಕಲಾರೆ. ಗುಡಿಬಂಡೆಯ ನರ್ಸಿಂಗ್ ಹೋಮಿಗೂ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ದರ ಹೇರಿದರೆ ಮೊದಲು ಬಾಗಿಲು ಮುಚ್ಚುವುದು ಗುಡಿಬಂಡೆಯದೇ. ಆದರೆ ಆ ಜಟಾಪಟಿಯಲ್ಲಿ ದರ ಮಿತಿಯ ಮಾತಷ್ಟೇ ಉಳಿದು, ದರ ಬಹಿರಂಗದ ಮಾತು ಎಲ್ಲರಿಗೂ ಮರೆತುಹೋಯಿತು. ದರಪಟ್ಟಿ ಕಾಣುವಂತೆ ಹಾಕಬೇಕು ಎಂಬ ನಿಯಮ ಕಾಯ್ದೆಯಲ್ಲಿ ಉಳಿಯಿತು. ನಾನು ನೋಡಿದ ಆಸ್ಪತ್ರೆಗಳಲ್ಲಿ ಅದು ಪಾಲನೆಯಾಗುವುದು ಹೊರರೋಗಿ ಶುಲ್ಕದ ಮಟ್ಟಿಗೆ ಮಾತ್ರ. ಗೋಡೆಯ ಮೇಲೆ "ಕ್ಯಾಟರಾಕ್ಟ್: 15 ಸಾವಿರದಿಂದ ಮೇಲ್ಪಟ್ಟು" ಎಂದಿದ್ದರೆ ಅದರಿಂದ ರೋಗಿಗೆ ಏನೂ ತಿಳಿಯುವುದಿಲ್ಲ.

ದೇಶದ ಮಟ್ಟದಲ್ಲೂ ಕಥೆ ಬೇರೆಯಲ್ಲ. ವೈದ್ಯಕೀಯ ಸಂಸ್ಥೆಗಳಿಗೆ ಕೇಂದ್ರ ತಂದ ಕಾಯ್ದೆ 2010ರದು, ಅದರ ನಿಯಮಗಳು 2012ರವು. ದರಗಳ ಶ್ರೇಣಿಯನ್ನು ರಾಜ್ಯಗಳ ಜೊತೆ ಮಾತಾಡಿ ಗೊತ್ತುಮಾಡಬೇಕು ಎಂದು ನಿಯಮವೇ ಹೇಳುತ್ತದೆ. 2024ರ ಫೆಬ್ರುವರಿ 27ರಂದು ಸುಪ್ರೀಂ ಕೋರ್ಟ್ ಆ ಪ್ರಶ್ನೆಯನ್ನು ಎತ್ತಿಕೊಂಡಾಗ ಅದರ ಮುಂದಿದ್ದ ಉದಾಹರಣೆ ಇದೇ ಪೊರೆ: ಸರ್ಕಾರಿ ವ್ಯವಸ್ಥೆಯಲ್ಲಿ ಸುಮಾರು 10 ಸಾವಿರ, ಖಾಸಗಿಯಲ್ಲಿ 30 ಸಾವಿರದಿಂದ 1 ಲಕ್ಷ 40 ಸಾವಿರದವರೆಗೆ. ಹನ್ನೆರಡು ವರ್ಷ ಒಂದು ನಿಯಮ ಕಾಗದದ ಮೇಲೇ ಮಲಗಿತ್ತು ಎಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯವೇ ಎತ್ತಿ ಹೇಳಬೇಕಾಯಿತು.

ಇದಕ್ಕೆಲ್ಲ ತೆರಬೇಕಾದ ಬೆಲೆ ಬಿಲ್ಲಿನಲ್ಲಿ ಕಾಣುವುದಿಲ್ಲ. ಒಂದು ಕಣ್ಣಿನ ಖರ್ಚು ನೋಡಿದ ಮನೆಯವರು ಇನ್ನೊಂದು ಕಣ್ಣನ್ನು ಮುಂದೂಡುತ್ತಾರೆ. ಮುಂದೂಡುವವರಲ್ಲಿ ಹೆಚ್ಚಿನವರು ಹೆಂಗಸರು, "ಒಂದರಲ್ಲಿ ಕಾಣುತ್ತಲ್ಲ, ಸಾಕು ಬಿಡಪ್ಪ" ಎನ್ನುವ ಅಜ್ಜಿಯರು. ಬಲಿಯಲಿ ಎಂಬ ಹಳೆಯ ಮಾತು ಅವರಿಗೆ ನೆಪವಾಗುತ್ತದೆ. ಈಗಿನ ವಿಧಾನಗಳಲ್ಲಿ ಪೊರೆ ಬಲಿತು ಗಟ್ಟಿಯಾದಷ್ಟೂ ತೆಗೆಯುವುದು ಕಷ್ಟ, ಅಪಾಯವೂ ಹೆಚ್ಚು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ದಾಟಿದವರ ಅಂಧತ್ವಕ್ಕೆ ಶೇ 66ರಷ್ಟು ಕಾರಣ ಪೊರೆಯೇ ಎಂದು ಕಂಡುಬಂತು. ಅರ್ಧ ದಿನದ ಶಸ್ತ್ರಚಿಕಿತ್ಸೆಯಿಂದ ಹೋಗುವ ಕುರುಡುತನ ಇಷ್ಟು ಉಳಿದಿದೆ.

ಪತ್ರಿಕೆಯವರಾದ ನಮ್ಮ ಪಾಲಿನ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅಡಿಕೆ ಧಾರಣೆ, ಕೊಬ್ಬರಿ ಧಾರಣೆ, ಚಿನ್ನದ ದರ ಇವನ್ನು ದಿನ ತಪ್ಪದೆ ಅಚ್ಚುಹಾಕುತ್ತೇವೆ. ಯಶವಂತಪುರದಲ್ಲಿ ಈರುಳ್ಳಿ ಎಷ್ಟು, ಹುಬ್ಬಳ್ಳಿಯಲ್ಲಿ ಎಷ್ಟು ಎಂದು ಓದುಗರು ಹೋಲಿಸಿ ನೋಡಬಲ್ಲರು. ಪೊರೆ ಆಪರೇಷನ್ನಿಗೆ ಯಾವ ಜಿಲ್ಲೆಯಲ್ಲಿ ಎಷ್ಟು ಎಂದು ನಾವು ಒಮ್ಮೆಯೂ ಪಟ್ಟಿ ಕೊಟ್ಟಿಲ್ಲ.

ನನ್ನ ತೀರ್ಪು ಇಷ್ಟು. ಎಲ್ಲ ಆಸ್ಪತ್ರೆಗೂ ಒಂದೇ ದರ ಬೇಡ, ಎಲ್ಲ ಆಸ್ಪತ್ರೆಗೂ ಒಂದೇ ನಮೂನೆಯ ಬಿಲ್ಲು ಬೇಕು. ಲೆನ್ಸಿನ ಕಂಪನಿ ಮತ್ತು ಮಾದರಿ, ಅದರ ಮುದ್ರಿತ ಬೆಲೆ, ವೈದ್ಯರ ಶುಲ್ಕ, ಥಿಯೇಟರ್, ಪರೀಕ್ಷೆ, ಔಷಧಿ, ಮರುಭೇಟಿ ಎಲ್ಲ ಬೇರೆಬೇರೆಯಾಗಿ, ಕನ್ನಡದಲ್ಲಿ, ಆಪರೇಷನ್ನಿಗೆ ಮೊದಲೇ ರೋಗಿಯ ಕೈಗೆ ಸಿಗಬೇಕು. ಇನ್ಶೂರೆನ್ಸ್ ಇದ್ದವರಿಗೂ ಇಲ್ಲದವರಿಗೂ ಅದೇ ಮೊತ್ತವಿರಬೇಕು. ಆರೋಗ್ಯ ಇಲಾಖೆ ಇವುಗಳನ್ನು ಜಿಲ್ಲಾವಾರು ಪ್ರಕಟಿಸಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಇರುವ ಕಾಯ್ದೆಯ ದರಪಟ್ಟಿ ನಿಯಮಕ್ಕೆ ಸರಿಯಾದ ನಮೂನೆಯೊಂದನ್ನು ಜೋಡಿಸಿದರೆ ಆಯಿತು. ಲೆನ್ಸನ್ನು ಸ್ಟೆಂಟಿನ ಸಾಲಿಗೆ ಸೇರಿಸುವ ಕೆಲಸ ಕೇಂದ್ರದ್ದು, ಅದನ್ನೂ ಕೇಳುತ್ತಲೇ ಇರಬೇಕು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ಮನೆಯ ಹಿರಿಯರ ಕಣ್ಣು ಮಬ್ಬಾಗುತ್ತಿದ್ದರೆ ಕಾಯಬೇಡಿ. ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿ ಈ ಆಪರೇಷನ್ ಉಚಿತ. ಖಾಸಗಿಗೆ ಹೋಗುವುದಾದರೆ ಕನಿಷ್ಠ ಎರಡು ಕಡೆ ಲೆನ್ಸಿನ ಹೆಸರು ಹಿಡಿದು ದರ ಕೇಳಿ, ಇನ್ಶೂರೆನ್ಸ್ ವಿಷಯವನ್ನು ಆಮೇಲೆ ಹೇಳಿ. ಲೆನ್ಸಿನ ಪೆಟ್ಟಿಗೆಯೊಳಗೆ ಅದರ ಮಾದರಿ, ಪವರ್, ಸರಣಿ ಸಂಖ್ಯೆ ಅಚ್ಚಾದ ಅಂಟುಚೀಟಿ ಇರುತ್ತದೆ. ಮನೆಗೆ ಹೊರಡುವ ಮೊದಲು ಅದನ್ನು ಡಿಸ್ಚಾರ್ಜ್ ಕಾಗದದ ಮೇಲೆ ಅಂಟಿಸಿಕೊಡಲು ಕೇಳಿ ಪಡೆದುಕೊಳ್ಳಿ.