ನಾಯಿಗೆ ಪಾಠ, ಮನೆಗೆ ಪರೀಕ್ಷೆ

ಹೋದ ಸಂಚಿಕೆಯಲ್ಲಿ ನಮ್ಮ ಬರಹ ಬಾರದಿದ್ದುದಕ್ಕೆ ಸಂಘದ ಯುಗಾದಿ ಕೂಟದಲ್ಲಿ ಇಬ್ಬರು ವಾಚಕರು ನಮ್ಮನ್ನು ತಡೆದು ನಿಲ್ಲಿಸಿ ಕಾರಣ ಕೇಳಿದರು. ಕೇಳುವವರು ಇಬ್ಬರಾದರೂ ಇದ್ದಾರಲ್ಲ ಎಂಬ ಸಂತೋಷದಲ್ಲಿ ಆಗ ಏನೋ ಹೇಳಿ ನುಣುಚಿಕೊಂಡೆವು. ನಿಜವಾದ ಕಾರಣವನ್ನು ಈಗ ಒಪ್ಪಿಸುತ್ತೇವೆ. ಕಾರಣ ಒಂದು ನಾಯಿ.

ನಾಯಿ ಸಾಕಬೇಕೆಂಬ ಹಂಬಲ ನಮಗೆ ಎಂದೂ ಇದ್ದುದಲ್ಲ. ಗುಮಾಸ್ತನ ಸಂಬಳದಲ್ಲಿ ಪುಣೆಯಂಥ ಊರಿನಲ್ಲಿ ಐದು ಹೊಟ್ಟೆಗಳು ತುಂಬಿದರೆ ಅದೇ ಪುಣ್ಯ. ಆದರೆ ಕಳೆದ ದಸರೆಯ ಹೊತ್ತಿಗೆ ನಮ್ಮ ಪರಿಚಯದ ದೊಡ್ಡವರೊಬ್ಬರಿಗೆ ದೂರದ ಊರಿಗೆ ವರ್ಗವಾಯಿತು. ತಮ್ಮ ಎಂಟು ತಿಂಗಳ ಲ್ಯಾಬ್ರಡಾರ್ ಮರಿಯನ್ನು, "ಸ್ವಲ್ಪ ದಿನ ಇಟ್ಟುಕೊಂಡಿರಿ" ಎಂದು ನಮ್ಮ ಬಾಗಿಲಿಗೆ ತಂದು ಬಿಟ್ಟರು. 'ಮರಿ' ಎಂಬ ಮಾತಿಗೆ ನಾವು ಮೋಸಹೋದೆವು. ಮರಿಯ ತೂಕ 26 ಕಿಲೋ, ಹೆಸರು ಸೀಸರ್. ನಮ್ಮ ತಾಯಿಯವರ ಧಾರವಾಡದ ಬಾಯಲ್ಲಿ ಒಂದೇ ದಿನದಲ್ಲಿ ಅದು 'ಸೀಸ್ಯಾ' ಆಯಿತು. ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂಬುದಕ್ಕೆ ಇಂದಿಗೂ ಉತ್ತರ ಬಂದಿಲ್ಲ.

ಈ ಜಾತಿಯ ಪೂರ್ವೋತ್ತರವನ್ನು ವಿಚಾರಿಸಿದಾಗ ನಮಗೆ ಅದರ ಮೇಲೆ ಒಂದು ಬಗೆಯ ಬಂಧುಭಾವವೇ ಹುಟ್ಟಿತು. ಹೆಸರು ಲ್ಯಾಬ್ರಡಾರ್ ಎಂದಿದ್ದರೂ ಇದರ ಮೂಲ ಕೆನಡದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿಯ ಮೀನುಗಾರರ ಜೊತೆಗೆ ತಣ್ಣೀರಿಗಿಳಿದು ಕೆಲಸ ಮಾಡುತ್ತಿದ್ದ ನಾಯಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ತಂದು ಬೆಳೆಸಿದರು. 1903ರಲ್ಲಿ ಅಲ್ಲಿಯ ಕೆನಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿಯೆಂದು ಅಂಗೀಕರಿಸಿತು. ಹುಟ್ಟಿದ್ದು ಒಂದು ಕಡೆ, ಹೆಸರು ಇನ್ನೊಂದು ಕಡೆಯದು! ಉತ್ತರದ ಊರುಗಳಲ್ಲಿ 'ಮದರಾಸಿ' ಎಂದು ಕರೆಸಿಕೊಂಡ ಕನ್ನಡಿಗರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೀಸರನಲ್ಲಿ ದುರ್ಗುಣವೆಂಬುದಿಲ್ಲ. ಅವನ ದೋಷವೆಲ್ಲ ಪ್ರೀತಿಯದು. ಹಾಲಿನವನು, ಪೋಸ್ಟಿನವನು, ಬಾಡಿಗೆಗೆ ಬಂದ ಮಾಲಿಕರು, ಯಾರೇ ಬರಲಿ, ಹಿಂದಿನ ಎರಡು ಕಾಲಮೇಲೆ ನಿಂತು ಮುಂದಿನೆರಡನ್ನು ಅವರ ಹೆಗಲಿಗೆ ಹಾಕಿ ಮುಖ ನೆಕ್ಕಿದ ಹೊರತು ಅವನಿಗೆ ಸಮಾಧಾನವಿಲ್ಲ. ನಮ್ಮ ತಾಯಿಯವರು, "ನಮ್ಮ ಕಡೆ ಮುಧೋಳದ ನಾಯಿ ನೋಡು, ಪರಕೀಯರ ಹತ್ರ ಸುಳಿಯೂದಿಲ್ಲ. ಇದೇನಪಾ, ಎಲ್ಲಾರೂ ಇದಕ್ಕ ಬೀಗರ" ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಸಂಕ್ರಾಂತಿಯ ಸಂಜೆ ಆ ನಗು ನಿಂತಿತು. ಕುಸುರೆಳ್ಳು ಹಂಚಿ ಮನೆಗೆ ಬಂದ ತಾಯಿಯವರು ಹೊಸ್ತಿಲೊಳಗೆ ಕಾಲಿಡುವುದಕ್ಕೂ ಸೀಸರ್ ಓಡಿಬಂದು ಅಪ್ಪುವುದಕ್ಕೂ ಸರಿಹೋಯಿತು. ಆಗ ಅವನಿಗೆ 30 ಕಿಲೋ ತೂಕ, ಅವರಿಗೆ 74 ವರ್ಷ. ಬಿದ್ದರು. ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಕುಸುರೆಳ್ಳಿನ ಡಬ್ಬಿ ಪಡಸಾಲೆಯ ತುಂಬ ಚೆಲ್ಲಿತು. ಸೀಸರ್ ಅದನ್ನು ಬಿಟ್ಟು ಬಿದ್ದವರ ಮುಖವನ್ನೇ ನೆಕ್ಕುತ್ತ ಕುಳಿತಿದ್ದ.

ಆರು ವಾರ ಪ್ಲಾಸ್ಟರು. ತಾಯಿಯವರು ತಮ್ಮ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂಡತೊಡಗಿದರು. ಮೂರನೆಯ ದಿನ ನಮ್ಮನ್ನು ಕರೆದು ಹೇಳಿದರು: "ತಮ್ಮಾ, ಅದರ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಹೆದರಿಕಿ ಹೊಕ್ಕದ. ಪ್ಲಾಸ್ಟರ್ ತಗದ ಮ್ಯಾಲೆ ನನ್ನ ಧಾರವಾಡದ ಗಾಡಿಗೆ ಕೂಡಿಸಿಬಿಡು." ಅಂದು ರಾತ್ರಿ ನಮ್ಮ ಮನೆಯವಳು, "ಅಲ್ಲಾಂದ್ರೆ, ಅತ್ತೆಗಿಂತ ನಾಯಿ ಹೆಚ್ಚಾಯ್ತೇ? ಯಾರಿಗಾದ್ರೂ ಕೊಟ್ಟುಬಿಡಿ" ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ.

ಕೊಡಲು ಹೊರಟೆವು. ನೋಡಲು ಬಂದ ಮೊದಲ ಮನೆಯವರ ಹೆಗಲಿಗೆ ಸೀಸರ್ ಕೈಹಾಕಿದ; ಅವರು ಚಹಾ ಕೂಡ ಕುಡಿಯದೆ ಹೊರಟುಹೋದರು. ಎರಡನೆಯವರು ತೋಟದ ಕಾವಲಿಗೆ ಹಗಲಿರುಳು ಸರಪಳಿಯಲ್ಲಿ ಕಟ್ಟಿಡುತ್ತೇವೆಂದರು, ಮಕ್ಕಳಿಬ್ಬರೂ ಅಳತೊಡಗಿದರು. ಆಗ ನಮಗೆ ನಮ್ಮ ಕಚೇರಿ ನೆನಪಾಯಿತು. ಬಗೆಹರಿಯದ ಕಡತವೊಂದು ಮೇಜಿಗೆ ಬಂದರೆ, 'ಅಗತ್ಯ ಕ್ರಮಕ್ಕಾಗಿ ರವಾನಿಸಲಾಗಿದೆ' ಎಂದು ಬರೆದು ಪಕ್ಕದ ಮೇಜಿಗೆ ದಾಟಿಸುವುದು ವಾಡಿಕೆ. ಆ ದೊಡ್ಡವರು ನಮಗೆ ಮಾಡಿದ್ದೂ ಅದೇ, ನಾವು ಈಗ ಮಾಡಹೊರಟಿದ್ದೂ ಅದೇ. ಪಾಠ ಕಲಿಯದ ದೊಡ್ಡ ನಾಯಿ ಹೀಗೆ ಮೇಜಿನಿಂದ ಮೇಜಿಗೆ ಹೋಗಿ ಕೊನೆಗೆ ಬೀದಿ ಸೇರುತ್ತದೆ. ಆದುದರಿಂದ ಪ್ಲಾಸ್ಟರು ತೆಗೆಯುವವರೆಗೆ ಅವಕಾಶ ಕೊಡಿರೆಂದು ತಾಯಿಯವರನ್ನು ಬೇಡಿಕೊಂಡೆವು. "ಆಗಲಿ" ಎಂದರು; ಚಿಲಕ ಮಾತ್ರ ತೆಗೆಯಲಿಲ್ಲ.

ಹುಚ್ಚುನಾಯಿ ರೋಗದ ಲಸಿಕೆಗೆ ಹೋದಾಗ ಪಶುವೈದ್ಯರ ಮುಂದೆ ನಮ್ಮ ಗೋಳನ್ನು ತೋಡಿಕೊಂಡೆವು. ಮಂಡಿಯಿಂದ ಎದೆಗೆ ಒದೆಯಿರಿ, ಹಿಂಗಾಲಿನ ಬೆರಳನ್ನು ತುಳಿಯಿರಿ ಎಂದು ನೆರೆಹೊರೆಯವರು ಕೊಟ್ಟ ಸಲಹೆಗಳನ್ನೂ ಹೇಳಿದೆವು. ಅವರು ತಲೆಯಾಡಿಸಿ, "ಹಾಗೆ ಮಾಡಿದರೆ ಮನುಷ್ಯರು ಹತ್ತಿರ ಬಂದರೆ ನೋವಾಗುತ್ತದೆಂದು ಕಲಿತೀತು. ಪ್ರೀತಿಯ ನಾಯಿಯನ್ನು ಹೆದರುವ ನಾಯಿ ಮಾಡಿಕೊಳ್ಳಬೇಡಿ. ಅದಿರಲಿ, ಅದು ಹಾರಿದಾಗ ನೀವು ಏನು ಮಾಡುತ್ತೀರಿ?" ಎಂದರು. ಬಯ್ಯುತ್ತೇವೆ, ಕೈಯಿಂದ ದೂಡುತ್ತೇವೆ ಎಂದೆವು. "ಅಂದರೆ ಅದರತ್ತ ನೋಡುತ್ತೀರಿ, ಮಾತಾಡುತ್ತೀರಿ, ಮುಟ್ಟುತ್ತೀರಿ. ಅದು ಬಯಸುವುದೇ ಆ ಮೂರನ್ನು. ಹಾರುವುದು ಅದರ ನೌಕರಿ. ಸಂಬಳ ಕೊಡುತ್ತಿರುವವರು ನೀವು."

ಹದಿನಾಲ್ಕು ವರ್ಷ ಸಂಬಳದ ಬಿಲ್ಲು ಬರೆದ ನಮಗೆ ಇದಕ್ಕಿಂತ ಸ್ಪಷ್ಟವಾದ ಉಪದೇಶ ಬೇಕಿರಲಿಲ್ಲ. ಮರಿಗಳು ದೊಡ್ಡ ನಾಯಿಗಳ ಬಾಯಿ ನೆಕ್ಕಿ ವಂದಿಸುವುದು ಅವುಗಳ ಕುಲಾಚಾರವಂತೆ. ಮನುಷ್ಯನ ಬಾಯಿ ಮೇಲಿರುವುದರಿಂದ ಹಾರಬೇಕಾಗುತ್ತದೆ, ಅಷ್ಟೆ. ಸಣ್ಣದಿದ್ದಾಗ ಮುದ್ದೆಂದು ಎತ್ತಿಕೊಂಡು, ದೊಡ್ಡದಾದ ಮೇಲೆ ಅದೇ ಕೆಲಸಕ್ಕೆ ಬಯ್ದರೆ ಪಾಪ ಅದಕ್ಕೇನು ತಿಳಿದೀತು?

ನಾಯಿಗೆ ಪಾಠ ಹೇಳುವ ವಿದ್ಯೆಗೂ ಒಂದು ಇತಿಹಾಸವುಂಟು. ಜರ್ಮನಿಯ ಕೊನ್ರಾಡ್ ಮೋಸ್ಟ್ ಎಂಬವರು 1910ರಲ್ಲಿ ಬರೆದ ಪುಸ್ತಕ ಪೊಲೀಸು, ಸೈನ್ಯದ ನಾಯಿಗಳ ಪಾಠಕ್ಕೆ ಬಹುಕಾಲ ಆಧಾರವಾಗಿತ್ತು. ಅದರಲ್ಲಿ ಹಗ್ಗದ ಎಳೆತಕ್ಕೂ ದಂಡನೆಗೂ ದೊಡ್ಡ ಪಾತ್ರವಿತ್ತು. ಅಮೆರಿಕದ ಬಿ. ಎಫ್. ಸ್ಕಿನ್ನರ್ 1938ರ ತಮ್ಮ ಗ್ರಂಥದಲ್ಲಿ, ಫಲ ಸಿಕ್ಕ ನಡತೆ ಬೆಳೆಯುತ್ತದೆ, ಫಲ ನಿಂತ ನಡತೆ ಕ್ರಮೇಣ ಅಳಿಯುತ್ತದೆ ಎಂಬುದನ್ನು ಪ್ರಯೋಗಗಳಿಂದ ತೋರಿಸಿದರು. ಡಾಲ್ಫಿನ್‌ಗಳಿಗೆ ಪಾಠ ಹೇಳುತ್ತಿದ್ದ ಕರೆನ್ ಪ್ರಯರ್ ಎಂಬ ಮಹಿಳೆ 1984ರಲ್ಲಿ ಬರೆದ ಪುಸ್ತಕದಿಂದ ಈ ತತ್ತ್ವ ನಾಯಿ ಸಾಕುವವರ ಮನೆಗಳಿಗೂ ಹರಡಿತು. ಡಾಲ್ಫಿನ್ನಿನ ಕೊರಳಿಗೆ ಹಗ್ಗ ಹಾಕಿ ಎಳೆಯಲಾಗುವುದಿಲ್ಲ; ಕೆಲಸವಾಗಬೇಕಾದರೆ ಮೀನು ಕೊಡಬೇಕು.

ನಾವು ಜೋಳದ ರೊಟ್ಟಿ ಕೊಟ್ಟೆವು. ಉಗುರಿನಷ್ಟು ಚೂರನ್ನು ಸೀಸರನ ಮೂಗಿನ ಮುಂದೆ ಹಿಡಿದು ಮೆಲ್ಲನೆ ತಲೆಯ ಹಿಂದಕ್ಕೆ ಒಯ್ದರೆ, ಅವನ ಮೂಗು ಮೇಲೇರುತ್ತದೆ, ಹಿಂಭಾಗ ತಾನೇ ನೆಲಕ್ಕೆ ತಾಗುತ್ತದೆ. ತಾಗಿದ ಕ್ಷಣವೇ ಚೂರು ಬಾಯಿಗೆ ಬೀಳಬೇಕು. ತಡವಾದರೆ ಯಾವುದಕ್ಕೆ ಸಂಬಳ ಬಂತೆಂಬುದು ಅವನಿಗೆ ತಿಳಿಯದು. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ. ಲ್ಯಾಬ್ರಡಾರಿಗೆ ಹೊಟ್ಟೆಯೇ ದೇವರು. ಹೆಚ್ಚುಕಡಿಮೆ ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಹಸಿವನ್ನು ಹೆಚ್ಚಿಸುವ ವಂಶವಾಹಿಯ ದೋಷವಿದೆಯೆಂದು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ಕಂಡುಹಿಡಿದಿದ್ದಾರೆ. ಆದುದರಿಂದ ಪಾಠದ ರೊಟ್ಟಿಯನ್ನು ಊಟದ ಲೆಕ್ಕದಲ್ಲಿಯೇ ಕಳೆಯಬೇಕು. ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟು ನಾಯಿಗೆ ವಿಷ; ಒಣದ್ರಾಕ್ಷಿಯೂ ವಿಷ. ಪ್ರಸಾದದ ಶಿರಾ ಕೊಡುವ ಮನೆಗಳು ಈ ಮಾತನ್ನು ನೆನಪಿಡಬೇಕು.

ಒಂದು ವಾರ ಕಳೆದರೂ ಪಾಠ ಹತ್ತಲಿಲ್ಲ. ನಾವು ಹೇಳಿದರೆ ಕೂಡುವ, ಇತರರು ಹೇಳಿದರೆ ಇಲ್ಲ. ಒಂದು ಆದಿತ್ಯವಾರ ಸುಮ್ಮನೆ ಕುಳಿತು ಕೇಳಿಸಿಕೊಂಡೆವು. ನಾವು 'ಕೂಡು' ಎನ್ನುತ್ತಿದ್ದೆವು. ಮೈಸೂರ ಕಡೆಯ ನಮ್ಮ ಮನೆಯವಳು 'ಕೂತ್ಕೋ' ಎನ್ನುತ್ತಿದ್ದಳು. ಮಗ 'ಸಿಟ್', ಮಗಳು 'ಸಿಟ್ ಡೌನ್'. ಕೆಲಸಕ್ಕೆ ಬರುವ ಮಾವಶಿ ಮರಾಠಿಯಲ್ಲಿ 'ಬಸ್'. ಅದೇ 'ಬಸ್' ಎಂಬುದನ್ನು ಹಿಂದಿಯ ಹಾಲಿನವನು 'ಸಾಕು' ಎಂಬರ್ಥದಲ್ಲಿ ಹೇಳುತ್ತಿದ್ದ! ಹಾರಿದಾಗಲೂ 'ಡೌನ್', ಮಲಗಿಸುವಾಗಲೂ 'ಡೌನ್'. ಐದು ಮಂದಿ ಐದು ಬಗೆಯ ಸುತ್ತೋಲೆ ಹೊರಡಿಸಿದರೆ ಯಾವ ನೌಕರ ತಾನೇ ಪಾಲಿಸಿಯಾನು? ಕನ್ನಡನಾಡಿನ ಏಕೀಕರಣ 1956ರಲ್ಲಿಯೇ ಆಗಿಹೋಯಿತು. ನಮ್ಮ ಮನೆಯ ಏಕೀಕರಣ ಮಾತ್ರ ಬಾಕಿಯಿತ್ತು.

ಅಂದು ರಾತ್ರಿ ಸಭೆ ಸೇರಿತು. ಯಾರ ಮಾತು ನಿಲ್ಲಬೇಕು? ಬಿದ್ದವರು ಯಾರೋ ಅವರ ಮಾತು ಎಂದು ಮೊದಲು ಹೇಳಿದವಳು ನಮ್ಮ ಮನೆಯವಳೇ. ಕೋಣೆಯ ಬಾಗಿಲ ಹೊರಗೆ ನಿಂತು, "ಅತ್ತೆ, ನೀವು ಏನಂತೀರಿ?" ಎಂದು ಕೇಳಿದಳು. ಒಳಗಿನಿಂದ ಉತ್ತರ ಬಂತು: "ಕೂಡು. ಮಲಗು. ಬಿಡು. ಬಾ ಅನಬ್ಯಾಡ್ರಿ, ಬಿಡೂಕ್ಕೂ ಬಾಕ್ಕೂ ಗೊಂದಲ ಆದೀತು, ಇಲ್ಲಿ ಅನ್ರಿ." ನಾಲ್ಕು ಮಾತುಗಳನ್ನು ಮಗಳು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದಳು. 'ಮಲಗು' ಎಂಬಲ್ಲಿ 'ಲ'ಕಾರ 'ಳ'ಕಾರವಾಗಿತ್ತು. ಅಜ್ಜಿಯ ಬಾಗಿಲಿನಡಿಯಿಂದ ಕಾಗದ ಒಳಗೆ ಹೋಗಿ ತಿದ್ದಿಸಿಕೊಂಡು ಹೊರಗೆ ಬಂತು.

ಇನ್ನು ಹಾರುವ ವಿಷಯ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತು, ಮುದ್ದು, ರೊಟ್ಟಿ. ಎರಡೆತ್ತಿದರೆ ಬೆನ್ನು ತಿರುಗಿಸಿ, ಕೈಕಟ್ಟಿ, ಮೌನ. ಇದನ್ನು ಪ್ರಾರಂಭಿಸಿದ ಮೇಲೆ ಹಾರಾಟ ಮೊದಲು ಹೆಚ್ಚೇ ಆಗುತ್ತದೆ. ಸಂಬಳ ನಿಂತ ನೌಕರ ಮೊದಲು ಗಲಾಟೆ ಮಾಡುತ್ತಾನಲ್ಲವೇ? ಆಗ ಸೋಲಬಾರದು. ನಾಲ್ಕನೆಯ ದಿನ ಮಗನ ಹೊಸ ಅಂಗಿ ಹರಿದು, ಅವನು ಕಿರುಚಾಡಿ ದೂಡಿದ. ಸೀಸರನಿಗೆ ಹಬ್ಬವಾಯಿತು. ಯಾವಾಗಲೋ ಒಮ್ಮೆ ಸಿಕ್ಕುವ ಫಲಕ್ಕಾಗಿಯೇ ಜೀವಿ ಹೆಚ್ಚು ಹಟ ಹಿಡಿಯುತ್ತದೆ. ಲಾಟರಿ ಚೀಟಿ ಕೊಳ್ಳುವವರು ಬಿಡದಿರುವುದೂ ಇದರಿಂದಲೇ. ಮತ್ತೆ ಮೊದಲಿನಿಂದ ಶುರುಮಾಡಿದೆವು.

ಅತಿಥಿಗಳು ಬರುವಾಗ ಹಗ್ಗ ಕಟ್ಟಿ, ಹಾರಲಾಗದಷ್ಟು ಸಡಿಲ ಬಿಟ್ಟು, ತುದಿಯನ್ನು ಪಾದದಡಿ ಹಿಡಿದೆವು. ಗಂಟೆ ಬಾರಿಸಿದರೆ ಬಾಗಿಲಿಗಲ್ಲ, ತನ್ನ ಜಾಗಕ್ಕೆ ಹೋಗಬೇಕೆಂದು ಕಲಿಸಿದೆವು. ಜಾಗವೆಂದರೆ ತಾಯಿಯವರ ಹಳೆಯ ಕೌದಿ, ಅವರೇ ಕೊಟ್ಟುಕಳಿಸಿದ್ದು. ಅಡಿಗೆಮನೆಯಲ್ಲಿ ಕಲಿತುದು ಪಡಸಾಲೆಯಲ್ಲಿ ಮರೆತುಹೋಗುತ್ತದೆ, ಪಡಸಾಲೆಯದು ಬೀದಿಯಲ್ಲಿ. ಜಾಗ ಬದಲಾದರೆ ನಾಯಿಗೆ ಅದು ಹೊಸ ಪಾಠ. ಪ್ರತಿಯೊಂದು ಕಡೆಯೂ ಒಂದನೆಯ ಇಯತ್ತೆಯಿಂದ ಹೇಳಿಕೊಡಬೇಕು. ಬೆಳಗಿನ ಐದು ಗಂಟೆಗೆದ್ದು ತಿರುಗಾಡಿಸಿದ್ದರಿಂದ ಅವನ ಕಸುವೂ ಇಳಿಯಿತು, ನಮ್ಮ ಹೊಟ್ಟೆಯೂ ಇಳಿಯಿತು. ಎಳೆದರೆ ನಿಲ್ಲುವುದು, ಹಗ್ಗ ಸಡಿಲಾದರೆ ನಡೆಯುವುದು. ಮೊದಲ ವಾರ ಹಾಲಿನ ಅಂಗಡಿ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಕಚೇರಿಯ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಎರಡು ಕೆಂಪು ಗುರುತು ಬಿದ್ದವು.

ಫೆಬ್ರುವರಿಯ ಕೊನೆಗೆ ಪ್ಲಾಸ್ಟರು ತೆಗೆದರು. ಮರುದಿನ ಸಂಜೆ ನಾವು ಕಚೇರಿಯಿಂದ ಬಂದಾಗ ಕೋಣೆಯ ಚಿಲಕ ತೆಗೆದಿತ್ತು. ತಾಯಿಯವರು ಪಡಸಾಲೆಯ ಕುರ್ಚಿಯಲ್ಲಿ ಕುಳಿತಿದ್ದರು. ಸೊರಗಿದ ಬಲಗೈಯಲ್ಲಿ ರೊಟ್ಟಿಯ ಚೂರು. ಹಗ್ಗದ ತುದಿ ಸೊಸೆಯ ಪಾದದಡಿ ಇತ್ತು. ಸೀಸರ್ ಮೈಯೆಲ್ಲ ಬಾಲವಾಗಿ ಅಲ್ಲಾಡುತ್ತಿದ್ದ. "ಕೂಡು" ಎಂದರು. ದನಿ ನಡುಗಿತು. ಒಂದು ಕ್ಷಣ ಅವನ ಮುಂಗಾಲೊಂದು ಎದ್ದಿತು. ನಾವು ಉಸಿರು ಹಿಡಿದೆವು. ಕಾಲು ಇಳಿಯಿತು. ಕೂತ.

ಧಾರವಾಡದ ಟಿಕೀಟಿನ ಮಾತನ್ನು ಅವರು ಆಮೇಲೆ ಎತ್ತಿಲ್ಲ, ನಾವೂ ಕೇಳಿಲ್ಲ. ಸೀಸರ್ ಇನ್ನೂ ಪೂರ್ಣ ವಿನೀತನಾಗಿಲ್ಲ. ಮೊನ್ನೆಯಷ್ಟೇ ಪೋಸ್ಟಿನವನ ಟೊಪ್ಪಿಗೆ ಬೀಳಿಸಿದ. ತಾಯಿಯವರು ಈಗಲೂ ಬಾಗಿಲಿಗೆ ಬರುವ ಮೊದಲು, "ಎಲ್ಲಿದ್ದಾನ?" ಎಂದು ಕೇಳುತ್ತಾರೆ. ಆ ಹೆದರಿಕೆ ಹೋಗಲು ಮೂಳೆ ಕೂಡಿದ್ದಕ್ಕಿಂತ ಹೆಚ್ಚು ಕಾಲ ಬೇಕಾದೀತು. ಅಲ್ಲಿಯವರೆಗೆ ಹಗ್ಗದ ತುದಿ ನಮ್ಮಲ್ಲಿ ಯಾರಾದರೊಬ್ಬರ ಪಾದದಡಿ ಇರುತ್ತದೆ.

ದೊಡ್ಡ ನಾಯಿಯನ್ನು ತರಬೇಕೆಂದಿರುವ ವಾಚಕರಿಗೆ ನಮ್ಮ ಬಿನ್ನಹ ಇಷ್ಟೇ: ಅದು ಮರಿಯಾಗಿದ್ದಾಗಲೇ, ಅದು ಬರುವ ಮೊದಲೇ, ಮನೆಯವರೆಲ್ಲ ಒಮ್ಮೆ ಕುಳಿತು ನಾಲ್ಕು ಮಾತುಗಳನ್ನು ಗೊತ್ತುಮಾಡಿಕೊಳ್ಳಿರಿ. ನಾಯಿ ಆರು ವಾರದಲ್ಲಿ ಕಲಿತೀತು. ನಮಗೆ ಒಂದೇ ಮಾತನ್ನು ಎಲ್ಲರೂ ಒಂದೇ ರೀತಿ ಆಡುವುದನ್ನು ಕಲಿಯಲು ಅಷ್ಟು ವಾರ ಸಾಲದೆ ಹೋದುವು. ಮಾವಶಿ ಮಾತ್ರ ಎಲ್ಲರಿಗಿಂತ ಮೊದಲು ಕಲಿತಳು; ಅವಳು 'ಕೂಡು' ಎಂದರೆ ಈಗ ನಮ್ಮ ಮಕ್ಕಳೂ ಕೂಡುತ್ತಾರೆ.